ಸ್ವಿಟ್ಜರ್ಲೆಂಡಿನ ಹಳಿ ಸಿಕ್ಕಿತು, ತರೀಕೆರೆಯದು ಸಿಗಲಿಲ್ಲ

ಪುಣೆಯ ನಿಗಡಿ ಪ್ರಾಧಿಕರಣದಲ್ಲಿರುವ ನಮ್ಮ ಎರಡು ಬೆಡ್‌ರೂಮಿನ ಮನೆಯ ಹಾಲ್‌ನಲ್ಲಿ, ಒಂದು ಗೋಡೆಗುಂಟ ಮೂರೂವರೆ ಮೀಟರ್ ಉದ್ದದ ಹಲಗೆಯಿದೆ. ಅದರ ಮೇಲೆ ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲು ಮಾರ್ಗವೊಂದರ ಪುಟ್ಟ ತುಣುಕು ಇದೆ. ಮನೆಗೆ ಬರುವ ಮರಾಠಿ ನೆರೆಹೊರೆಯವರು ಅದನ್ನು ನೋಡಿ ಬೆಲೆ ಎಷ್ಟಾಯಿತು ಎಂದು ಕೇಳುತ್ತಾರೆ. ಕನ್ನಡದ ಗೆಳೆಯರು ಕೇಳುವ ಪ್ರಶ್ನೆ ಬೇರೆ: "ಅಲ್ಲ ಮಾರಾಯ, ನಮ್ಮ ರೈಲು ಬಿಟ್ಟು ಆ ಸ್ವಿಸ್ ರೈಲು ಯಾಕೆ?"

ಕೇಳುವವರು ತಮಾಷೆಗೆ ಕೇಳುತ್ತಾರೆ. ಆದರೆ ಉತ್ತರ ತಮಾಷೆಯದಲ್ಲ. ಸ್ವಿಟ್ಜರ್ಲೆಂಡಿನ ಒಂದು ಕಣಿವೆಯನ್ನು ನಾನು ನಿಗಡಿಯಲ್ಲಿ ಕೂತು ಅಳತೆಗೆ ಸರಿಯಾಗಿ ಕಟ್ಟಬಲ್ಲೆ. ನಮ್ಮ ಅಜ್ಜ ಇಡೀ ಜೀವಮಾನ ದುಡಿದ ತರೀಕೆರೆ ಸಮೀಪದ ಒಂದು ಸಣ್ಣ ನಿಲ್ದಾಣವನ್ನು ಕಟ್ಟಲು ಹೊರಟರೆ ಅದರ ಪ್ಲಾಟ್‌ಫಾರ್ಮ್ ಎಷ್ಟು ಉದ್ದವಿತ್ತು ಎಂಬುದೇ ಗೊತ್ತಿಲ್ಲ. ಈ ಅಂಕಣದಲ್ಲಿ ಹೇಳಬೇಕೆಂದಿರುವುದು ಅದನ್ನೇ. ಊರು ಬಿಟ್ಟು ಬಂದಿರುವ ನಮ್ಮಂಥವರಿಗೆ ಇದರಲ್ಲಿ ಮಾಡಲು ಸ್ವಲ್ಪ ಕೆಲಸವೂ ಇದೆ.

ಮೊದಲು ಹವ್ಯಾಸದ ಬಗ್ಗೆ ನಾಲ್ಕು ಮಾತು. ರೈಲು ಮಾದರಿ ಕಟ್ಟುವವರ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎಚ್‌ಒ. ಅಂದರೆ ನಿಜವಾದ ವಸ್ತುವಿನ 87ನೇ ಒಂದು ಪಾಲು. ಆರಡಿ ಮನುಷ್ಯ ಇಲ್ಲಿ ಎರಡು ಸೆಂಟಿಮೀಟರ್‌ಗಿಂತ ಕೂದಲೆಳೆ ಎತ್ತರ. ನನ್ನ ಮೂರೂವರೆ ಮೀಟರ್ ಹಲಗೆ ನಿಜದ ಲೆಕ್ಕದಲ್ಲಿ ಸುಮಾರು 300 ಮೀಟರ್. ಒಂದು ಸಣ್ಣ ನಿಲ್ದಾಣದ ಈ ತುದಿಯಿಂದ ಆ ತುದಿ. ರೈಲಿನ ಎಂಜಿನ್ನು ಮತ್ತು ಬೋಗಿಗಳನ್ನು ಕೊಂಡು ತರಬೇಕು. ಉಳಿದದ್ದನ್ನು ಕೈಯಾರೆ ಮಾಡಬೇಕು. ಗುಡ್ಡಕ್ಕೆ ಥರ್ಮೋಕೋಲು, ಪ್ಲಾಸ್ಟರ್. ಕಟ್ಟಡಗಳಿಗೆ ಭೋಸರಿಯಲ್ಲಿ ಲೇಸರ್ ಯಂತ್ರದಿಂದ ಕತ್ತರಿಸಿ ತಂದ ತೆಳು ಹಲಗೆ. ವೈರು, ರೆಸಿಸ್ಟರು, ಎಲ್‌ಇಡಿಗಳಿಗೆ ಪುಣೆಯ ಬುಧವಾರ ಪೇಠೆಯ ತಾಪಕೀರ್ ಗಲ್ಲಿ. ರೈಲು ಓಡಿಸಲು ಜೆಎಂಆರ್‌ಐ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ. ಜಗತ್ತಿನ ಹವ್ಯಾಸಿಗಳು ಸೇರಿ ಬರೆದದ್ದು. ಹಗಲೆಲ್ಲ ಯಾರದೋ ಕ್ಲೌಡ್ ಸರ್ವರ್ ನೋಡಿಕೊಳ್ಳುವ ನನಗೆ, ರಾತ್ರಿ ಹತ್ತರ ಮೇಲೆ ಕಣ್ಣೆದುರೇ ಚಲಿಸುವ ಒಂದು ವಸ್ತುವಿಗೆ ಕೋಡ್ ಬರೆಯುವುದು ದೊಡ್ಡ ಸಮಾಧಾನ.

ಖರ್ಚಿಲ್ಲ ಎಂದರೆ ಸುಳ್ಳಾಗುತ್ತದೆ. ಕಸ್ಟಮ್ಸ್ ಕಣ್ಣಿಗೆ ಈ ಮಾದರಿಗಳೆಲ್ಲ ಆಟಿಕೆಗಳೇ. ಆಟಿಕೆಗಳ ಮೂಲ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ಹಾಗಾಗಿ ನನ್ನ ಬಳಿ ಇರುವುದು ಒಂದೇ ಎಂಜಿನ್ನು, ನಾಲ್ಕು ಬೋಗಿ. ಐದನೆಯದರ ಮಾತೆತ್ತಿದರೆ ಹೆಂಡತಿ ಫ್ರಿಜ್ಜಿನ ಕಡೆ ಕೈ ತೋರಿಸುತ್ತಾಳೆ.

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಸ್ವಿಸ್ ಯಾಕೆ?

ನಾನು ಕಟ್ಟುತ್ತಿರುವುದು ಸ್ವಿಟ್ಜರ್ಲೆಂಡಿನ ಪೂರ್ವದ ಗ್ರಾವ್‌ಬುಂಡೆನ್ ಪ್ರಾಂತ್ಯದ ರೇಟಿಶೆ ಬಾನ್ ಎಂಬ ರೈಲ್ವೆಯ ಅಲ್ಬುಲಾ ಮಾರ್ಗವನ್ನು. ಬೆಟ್ಟ, ಹಿಮ, ಕೆಂಪು ರೈಲು ಎಂದು ಮರುಳಾಗಿ ಆರಿಸಿಕೊಂಡದ್ದಲ್ಲ. ಆ ರೈಲ್ವೆಯ ಹಳಿಯ ಅಗಲ 1000 ಮಿಲಿಮೀಟರ್. ಅಂದರೆ ಮೀಟರ್ ಗೇಜ್. ಬೀರೂರು, ಅರಸೀಕೆರೆ, ಹುಬ್ಬಳ್ಳಿ, ಲೋಂಡಾ, ಶಿವಮೊಗ್ಗ, ಸಾಗರ, ಸಕಲೇಶಪುರ, ಎಲ್ಲೆಲ್ಲೂ ನಮ್ಮ ಹಿರಿಯರು ಓಡಾಡಿದ ರೈಲುಗಳ ಅದೇ ಅಗಲ. ಭಾರತದಲ್ಲಿ ಮೀಟರ್ ಗೇಜ್ ಬಂದದ್ದು 1870ರಲ್ಲಿ, ಲಾರ್ಡ್ ಮೇಯೋ ವೈಸರಾಯ್ ಆಗಿದ್ದಾಗ ಮಾಡಿದ ತೀರ್ಮಾನದಿಂದ. ಬ್ರಾಡ್‌ಗೇಜ್ ದುಬಾರಿಯಾಯಿತು, ಅಗ್ಗದಲ್ಲಿ ಹೆಚ್ಚು ದೂರ ಹಾಕೋಣ ಎಂಬ ಲೆಕ್ಕ. ಗ್ರಾವ್‌ಬುಂಡೆನ್‌ನವರ ಲೆಕ್ಕವೂ ಅದೇ: ಕಣಿವೆಗಳಲ್ಲಿ ಬಿಗಿಯಾಗಿ ತಿರುಗಬೇಕು, ಖರ್ಚು ಕಡಿಮೆಯಾಗಬೇಕು. ಸಾವಿರ ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಮಾರುಕಟ್ಟೆಯಲ್ಲಿ ಸಿಗುವ 12 ಮಿಲಿಮೀಟರ್ ಹಳಿ ಅದಕ್ಕೆ ತೀರಾ ಹತ್ತಿರ. ಸ್ವಿಸ್ ರೈಲಿಗೆಂದು ತಂದ ಹಳಿಯ ಮೇಲೆಯೇ ನಾಳೆ ಮಲೆನಾಡಿನ ರೈಲೂ ಓಡಬಹುದು ಎಂಬ ಆಸೆ ಮೊದಲ ದಿನದಿಂದಲೂ ಇತ್ತು.

ಹಾಗೆ ನೋಡಿದರೆ ಸ್ವಿಟ್ಜರ್ಲೆಂಡ್ ನಮ್ಮ ಹಳಿಗಳಿಗೆ ಹೊಸದೇನೂ ಅಲ್ಲ. ಆಕುರ್ಡಿ ನಿಲ್ದಾಣದಲ್ಲಿ ಲೋಕಲ್ ಹತ್ತಿ ಲೋಣಾವಳಕ್ಕೆ ಹೋದರೆ ಅಲ್ಲಿಂದ ಮುಂದೆ ಭೋರ್ ಘಾಟ್. 37 ಮೀಟರಿಗೆ 1 ಮೀಟರಿನ ಏರು. 1920ರ ದಶಕದ ಕೊನೆಗೆ ಆ ಘಾಟಿಗೆ ವಿದ್ಯುತ್ ಬಂದಾಗ ಗೂಡ್ಸ್ ಎಳೆಯಲು ತಂದ ಎಂಜಿನ್ನುಗಳ ಮೊದಲ ಕಂತು ವಿಂಟರ್‌ಟೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೆಯದು. ಅಲ್ಲಿನವರು ಅಂಥ ಎಂಜಿನ್ನನ್ನು ಮೊಸಳೆ ಎಂದು ಕರೆದರು. ಮರಾಠಿ ಮಂದಿ ಖೇಕಡಾ, ಅಂದರೆ ಏಡಿ ಎಂದರು. ನೀಲಗಿರಿಯ ಹಲ್ಲುಹಳಿ ರೈಲಿನ ಉಗಿ ಎಂಜಿನ್ನುಗಳ ತವರೂ ಅದೇ ಕಾರ್ಖಾನೆ. ಹಲ್ಲುಹಳಿಯ ಆ ಪದ್ಧತಿಯನ್ನು ರೂಪಿಸಿದ ರೋಮನ್ ಆಬ್ಟ್ ಕೂಡ ಸ್ವಿಸ್ ಎಂಜಿನಿಯರು.

ಎರಡನೆಯ ಕಾರಣ ನಿಜವಾದ ಕಾರಣ. ಅಲ್ಬುಲಾ ಮಾರ್ಗದ ಬಗ್ಗೆ ಏನು ಬೇಕೋ ಅದು ಸಿಗುತ್ತದೆ.

ಆ ಮಾರ್ಗದಲ್ಲಿ ಲ್ಯಾಂಡ್‌ವಾಸರ್ ಸೇತುವೆ ಎಂಬುದಿದೆ. 1901–02ರಲ್ಲಿ ಕಟ್ಟಿದ್ದು. ಆರು ಕಮಾನು, 65 ಮೀಟರ್ ಎತ್ತರ, 136 ಮೀಟರ್ ಉದ್ದ. ಅಷ್ಟೂ ಉದ್ದ 100 ಮೀಟರ್ ತ್ರಿಜ್ಯದಲ್ಲಿ ಬಾಗಿ ನೇರವಾಗಿ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ನನ್ನ ಅಳತೆಯಲ್ಲಿ ಅದು 75 ಸೆಂಟಿಮೀಟರ್ ಎತ್ತರ, 156 ಸೆಂಟಿಮೀಟರ್ ಉದ್ದ. ಈ ಅಂಕಿಗಳಿಗಾಗಿ ನಾನು ಯಾರ ಕೈಕಾಲನ್ನೂ ಹಿಡಿಯಲಿಲ್ಲ. ಸುತ್ತಲಿನ ಬೆಟ್ಟದ ಏರಿಳಿತ ಬೇಕಿತ್ತು. ಸ್ವಿಸ್ ಸರ್ಕಾರದ ಭೂಮಾಪನ ಸಂಸ್ಥೆ ಸ್ವಿಸ್‌ಟೊಪೊ 2021ರ ಮಾರ್ಚ್ 1ರಿಂದ ತನ್ನ ನಕ್ಷೆಗಳನ್ನೂ ಭೂಮಿಯ ಎತ್ತರದ ಲೆಕ್ಕವನ್ನೂ ಎಲ್ಲರಿಗೂ ಪುಕ್ಕಟೆ ಬಿಟ್ಟಿದೆ. ಅರ್ಧ ಮೀಟರಿಗೊಂದು ಬಿಂದುವಿನ ಹಾಗೆ ಇಡೀ ದೇಶ. ಒಂದು ಶನಿವಾರ ಡೌನ್‌ಲೋಡ್ ಮಾಡಿದೆ, ಪೈಥಾನ್‌ನಲ್ಲಿ ಎಂಬತ್ತು ಸಾಲು ಬರೆದೆ, ಬೆಟ್ಟವನ್ನು ಪದರ ಪದರವಾಗಿ ಸೀಳಿ ಥರ್ಮೋಕೋಲಿನಲ್ಲಿ ಕತ್ತರಿಸಿದೆ. ನಾನು ಆ ದೇಶಕ್ಕೆ ಕಾಲಿಟ್ಟವನಲ್ಲ. ಆದರೂ ಆ ಗುಡ್ಡದ ಯಾವ ಕಡೆ ಹಳ್ಳವಿದೆ, ಯಾವ ಕಡೆ ಇಳುಕಲು ಎಂಬುದು ನನ್ನ ಬೆರಳಿಗೆ ಗೊತ್ತು.

ಅವರು ಹಳೆಯದನ್ನು ಹಾಗೇ ಹಿಡಿದುಕೊಂಡು ಕೂತವರೂ ಅಲ್ಲ. ನೂರು ವರ್ಷ ದಾಟಿದ ಅಲ್ಬುಲಾ ಸುರಂಗ ಶಿಥಿಲವಾದಾಗ ಪಕ್ಕದಲ್ಲೇ ಹೊಸದು ಕೊರೆದು 2024ರ ಜೂನ್‌ನಲ್ಲಿ ತೆರೆದರು. ಹಳೆಯದನ್ನು ತುರ್ತು ಸಂದರ್ಭಕ್ಕೆಂದು ಉಳಿಸಿಕೊಂಡರು. 2022ರ ಅಕ್ಟೋಬರ್‌ನಲ್ಲಿ ಅದೇ ಹಳಿಯ ಮೇಲೆ 100 ಬೋಗಿಗಳ, 1,910 ಮೀಟರ್ ಉದ್ದದ ರೈಲು ಓಡಿಸಿ ವಿಶ್ವದಾಖಲೆ ಮಾಡಿದರು. ಮಾರ್ಗ ಬದಲಾಗುತ್ತಲೇ ಇದೆ. ಬದಲಾಗುವ ಮೊದಲು ಹೇಗಿತ್ತು ಎಂಬುದನ್ನು ಅಳೆದು, ಬರೆದು, ಎಲ್ಲರ ಕೈಗೆ ಸಿಗುವಂತೆ ಇಟ್ಟಿದ್ದಾರೆ.

ನಮ್ಮಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಬೆಟ್ಟದ ರೈಲುಗಳಿವೆ ನಿಜ. ಡಾರ್ಜಿಲಿಂಗ್ 1999ರಲ್ಲಿ, ನೀಲಗಿರಿ 2005ರಲ್ಲಿ ಸೇರಿದವು. 2008ರಲ್ಲಿ ಕಾಲ್ಕಾ–ಶಿಮ್ಲಾ ಮಾರ್ಗ ಸೇರಿದಾಗ ಅದೇ ವರ್ಷ ಅಲ್ಬುಲಾ–ಬರ್ನಿನಾ ಮಾರ್ಗವೂ ಸೇರಿತು. ನನ್ನ ಚಿಂತೆ ಇಂಥ ಹೆಸರಾಂತ ಮಾರ್ಗಗಳದ್ದಲ್ಲ. ಯಾವ ಪಟ್ಟಿಗೂ ಸೇರದ, ಯಾವ ಪ್ರವಾಸಿಯೂ ಇಳಿಯದ, ದಿನಕ್ಕೆ ನಾಲ್ಕು ರೈಲು ನಿಂತು ಹೋಗುತ್ತಿದ್ದ ಸಣ್ಣ ನಿಲ್ದಾಣಗಳದ್ದು.

ನನ್ನ ಊರು ಸಾಗರ. ಶಿವಮೊಗ್ಗ–ತಾಳಗುಪ್ಪ ಮೀಟರ್ ಗೇಜ್ ಹಳಿಯ ಮೇಲೆ ನಾವು ಚಿಕ್ಕವರಿದ್ದಾಗ ರೈಲುಬಸ್ ಓಡುತ್ತಿತ್ತು. ಹೆಸರಿಗೆ ತಕ್ಕ ಹಾಗೆ ಹಳಿಯ ಮೇಲಿನ ಬಸ್ಸು ಅದು. ತಾಯಿಯ ತಂದೆ, ನಮ್ಮ ಅಜ್ಜ, ಬೀರೂರು–ಶಿವಮೊಗ್ಗ ಮಾರ್ಗದಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು. 1899ರಲ್ಲಿ ತೆರೆದ ಮಾರ್ಗ ಅದು. ಅಜ್ಜನಿಗೆ ಈಗ ಎಂಬತ್ತನಾಲ್ಕು. ಮೀಟರ್ ಗೇಜ್ ಇದ್ದಾಗಲೇ ಸೇವೆ ಮುಗಿಸಿದರು. 1992ರಲ್ಲಿ ರೈಲ್ವೆ ದೇಶದುದ್ದಕ್ಕೂ ಒಂದೇ ಗೇಜ್ ಎಂಬ ಯೋಜನೆ ಹಿಡಿಯಿತು. ಆ ದಶಕದಲ್ಲೇ ಬೀರೂರು–ಶಿವಮೊಗ್ಗ ಬದಲಾಯಿತು, ಮೀರಜ್–ಲೋಂಡಾ–ಹುಬ್ಬಳ್ಳಿ ಬದಲಾಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂತು, ರೈಲುಬಸ್ ನೆನಪಾಯಿತು.

ಕಳೆದ ವರ್ಷ ಅಜ್ಜನ ನಿಲ್ದಾಣವನ್ನು ಕಟ್ಟಿಯೇಬಿಡೋಣ ಎಂದು ಕೂತೆ. ಹಳಿ ಇದೆ, ಅಂಟಿದೆ, ತಂತ್ರಾಂಶವಿದೆ. ಇಲ್ಲದಿದ್ದದ್ದು ನಿಲ್ದಾಣ. ಈಗಿರುವುದು ಹೊಸ ಕಟ್ಟಡ, ಹೊಸ ಪ್ಲಾಟ್‌ಫಾರ್ಮ್. ಹಳೆಯದರ ನಕಾಶೆಗಾಗಿ ಗೊತ್ತಿದ್ದವರನ್ನೆಲ್ಲ ಕೇಳಿದೆ. ಹಳೆಯ ಪುಸ್ತಕಗಳಲ್ಲಿ ಎಂಜಿನ್ನುಗಳ ಚಿತ್ರ ಸಿಕ್ಕಿತು: ವೈಪಿ, ವೈಜಿ ಉಗಿ ಎಂಜಿನ್ನುಗಳು, ಆಮೇಲಿನ ವೈಡಿಎಂ–4 ಡೀಸೆಲ್. ಅವುಗಳ ಅಳತೆ ಬೇಕಾದಷ್ಟಿದೆ. ತಮಾಷೆ ಎಂದರೆ ವೈಪಿ ಎಂಜಿನ್ನುಗಳಲ್ಲಿ ಬಹುಪಾಲು ಕಟ್ಟಿದ್ದು ಜೆಮ್‌ಶೆಡ್‌ಪುರದ ಟೆಲ್ಕೊ. ಅದೇ ಕಂಪನಿಯ ಹೆಸರು ಹೊತ್ತ ಟೆಲ್ಕೊ ರಸ್ತೆ ನಮ್ಮ ಪಿಂಪ್ರಿ–ಚಿಂಚವಡದಲ್ಲಿದೆ. ಎಂಜಿನ್ನು ಮನೆ ಬಾಗಿಲವರೆಗೆ ಬಂತು, ಅದು ನಿಲ್ಲಬೇಕಾದ ಜಾಗ ಬರಲಿಲ್ಲ.

ಕೊನೆಗೆ ಉಳಿದ ದಾಖಲೆ ಅಜ್ಜನೇ. ಪ್ರತಿ ಭಾನುವಾರ ವಿಡಿಯೊ ಕರೆ ಮಾಡಿ ಕಾಗದದ ಮೇಲೆ ಬರೆದದ್ದನ್ನು ತೋರಿಸುತ್ತೇನೆ. "ಅಲ್ಲಪ್ಪಾ, ಸಿಗ್ನಲ್ ಕಂಬ ಅಲ್ಲಿರ್ಲಿಲ್ಲ ಕಣೋ. ಹುಣಸೇಮರದಿಂದ ಈಚೆಗೆ ಬಾ" ಎನ್ನುತ್ತಾರೆ. ಹುಣಸೇಮರ ಎಲ್ಲಿತ್ತು ಅಜ್ಜ ಎಂದರೆ, "ಬಾವಿ ಪಕ್ಕ" ಎನ್ನುತ್ತಾರೆ. ಬಾವಿ ಮುಚ್ಚಿದೆ, ಮರ ಉರುಳಿದೆ. ಸ್ಟೇಷನ್ ಮಾಸ್ತರರ ಕೋಣೆಯಿಂದ ಪಾಯಿಂಟಿನ ಸನ್ನೆಕೋಲಿಗೆ ಎಷ್ಟು ದೂರ ಎಂದರೆ ಮಾತ್ರ ತಡವರಿಸದೆ, "ನನ್ನ ಹೆಜ್ಜೇಲಿ ನೂರಾ ಹತ್ತು" ಎಂದರು. ರಾತ್ರಿ ಮಳೆಯಲ್ಲಿ ಲಾಟೀನು ಹಿಡಿದು ನಡೆದ ಹೆಜ್ಜೆಗಳು. ಆ ಲೆಕ್ಕ ಮರೆತಿಲ್ಲ. ಅಜ್ಜನ ಹೆಜ್ಜೆ ಎಷ್ಟುದ್ದ ಎಂದು ತಮ್ಮ ಅಂಗಳದಲ್ಲಿ ನಡೆಸಿ ಅಳೆದು ಕಳಿಸಿದ. ಈಗ ಊರುಗೋಲಿನ ಹೆಜ್ಜೆ, ಆಗಿನದಲ್ಲ. ಆದರೂ ನನ್ನ ಬಳಿ ಇರುವ ಅತಿ ನಂಬಿಕಸ್ತ ಅಂಕಿ ಅದೇ.

ಅಜ್ಜ ಹೇಳಿದ್ದರಲ್ಲಿ ಕಂಬ, ಕಟ್ಟಡಗಳಿಗಿಂತ ಬೆಲೆಯುಳ್ಳದ್ದು ಕೆಲಸದ ಕ್ರಮ. ಒಂಟಿ ಹಳಿಯಲ್ಲಿ ಎರಡು ರೈಲು ಎದುರುಬದುರಾಗದಂತೆ ನೋಡಿಕೊಳ್ಳುವುದು ಹೇಗೆ? ಎರಡು ನಿಲ್ದಾಣಗಳಲ್ಲಿ ಒಂದೊಂದು ಟೋಕನ್ ಯಂತ್ರ, ನಡುವೆ ತಂತಿ. ಯಂತ್ರದೊಳಗೆ ಲೋಹದ ಗುಂಡುಗಳು. ಆ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಈ ಕಡೆ ಒಂದು ಗುಂಡು ಹೊರಬರುತ್ತದೆ. ಅದು ಹೊರಗಿರುವಷ್ಟು ಹೊತ್ತು ಎರಡೂ ಯಂತ್ರಗಳಿಂದ ಇನ್ನೊಂದು ಗುಂಡು ಬರುವುದಿಲ್ಲ. ಗುಂಡನ್ನು ಚರ್ಮದ ಚೀಲಕ್ಕೆ ಹಾಕಿ, ದೊಡ್ಡ ಬಳೆಗೆ ಕಟ್ಟಿ, ಚಲಿಸುವ ರೈಲಿನ ಡ್ರೈವರಿಗೆ ಎತ್ತಿ ಹಿಡಿಯಬೇಕು. ಅದು ಕೈಯಲ್ಲಿಲ್ಲದೆ ಡ್ರೈವರು ಮುಂದಿನ ಹಳಿಗೆ ಹೋಗುವಂತಿಲ್ಲ. ನಾವು ಸಾಫ್ಟ್‌ವೇರ್‌ನವರು ಮ್ಯೂಟೆಕ್ಸ್ ಎನ್ನುವುದು ಇದನ್ನೇ: ಒಂದೇ ಸಂಪನ್ಮೂಲ, ಒಂದೇ ಬೀಗ, ಬೀಗ ಇದ್ದವನಿಗೆ ಮಾತ್ರ ದಾರಿ. ಎಂಟೆಕ್‌ನಲ್ಲಿ ಒಂದು ಸೆಮಿಸ್ಟರ್ ಓದಿದ ವಿಷಯವನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಏಳನೆಯ ತರಗತಿವರೆಗೆ ಓದಿದ ಅಜ್ಜನಿಂದ. ಈಗ ನನ್ನ ಹಲಗೆಯ ಮೇಲೆ ಆ ಟೋಕನ್ನಿನ ನಿಯಮ ಕೋಡ್ ರೂಪದಲ್ಲಿದೆ. ಆರು ವರ್ಷದ ಮಗಳು ಗುಂಡಿನ ಬದಲು ಬಳಪದ ಡಬ್ಬಿಯ ಗೋಲಿಯನ್ನು ಕೊಟ್ಟರೆ ಮಾತ್ರ ರೈಲು ಬಿಡಬೇಕು ಎಂದು ಆಟ ಕಟ್ಟಿದ್ದಾಳೆ.

ವಸ್ತುಸಂಗ್ರಹಾಲಯಗಳಿವೆಯಲ್ಲ ಎಂದು ಯಾರಾದರೂ ಹೇಳಬಹುದು. ಇವೆ. ಮೈಸೂರಿನದು 1979ರಿಂದ ಇದೆ, ಹುಬ್ಬಳ್ಳಿಯದು 2020ರಲ್ಲಿ ಬಂತು. ಎರಡನ್ನೂ ಮಕ್ಕಳಿಗೆ ತೋರಿಸಲೇಬೇಕು. ಆದರೆ ಅಲ್ಲಿ ಉಳಿದಿರುವುದು ಬಹುಮಟ್ಟಿಗೆ ಎಂಜಿನ್ನು, ಬೋಗಿ, ಬಿಡಿ ಉಪಕರಣ. ಗೂಡ್ಸ್ ಶೆಡ್ ಎಲ್ಲಿತ್ತು, ಯಾವ ಹಳಿಯಿಂದ ಯಾವ ಹಳಿಗೆ ಬೋಗಿ ತಳ್ಳುತ್ತಿದ್ದರು, ಎದುರಿನ ರೈಲು ದಾಟುವವರೆಗೆ ಪ್ರಯಾಣಿಕರು ಯಾವ ಮರದ ಕೆಳಗೆ ಕೂರುತ್ತಿದ್ದರು ಎಂಬುದನ್ನು ಉದ್ಯಾನದಲ್ಲಿ ನಿಲ್ಲಿಸಿದ ಎಂಜಿನ್ನು ಹೇಳಲಾರದು.

ಇದಕ್ಕೆ ಒಂದು ಒಳ್ಳೆಯ ಅಪವಾದ ನಮ್ಮ ಸಾಗರದ ಮಾರ್ಗದಲ್ಲೇ ಇದೆ. ಅರಸಾಳು ನಿಲ್ದಾಣ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿ ತೆಗೆದಾಗ ಮಾಲ್ಗುಡಿಯ ರೈಲು ನಿಲ್ದಾಣವಾಗಿ ನಟಿಸಿದ್ದು ಇದೇ. ಗೇಜ್ ಬದಲಾದ ಮೇಲೆ ಪಾಳು ಬಿದ್ದಿದ್ದ ಆ ಹಳೆಯ ಕಟ್ಟಡವನ್ನು 2020ರಲ್ಲಿ ರೈಲ್ವೆ ದುರಸ್ತಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿತು. ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದಕ್ಕೂ ರೂಪ ಕೊಟ್ಟರು. ಸಂತೋಷದ ವಿಷಯ. ಆದರೆ ಯೋಚಿಸಿ: ಅರಸಾಳು ಉಳಿದದ್ದು ಅದು ಅರಸಾಳು ಎಂಬ ಕಾರಣಕ್ಕಲ್ಲ, ಮಾಲ್ಗುಡಿ ಆಗಿತ್ತು ಎಂಬ ಕಾರಣಕ್ಕೆ. ಕುಂಸಿಗೆ, ಆನಂದಪುರಕ್ಕೆ, ಮಸರಹಳ್ಳಿಗೆ ಕ್ಯಾಮೆರಾ ಹೋಗಲಿಲ್ಲ.

ನನ್ನ ಮಾತಿಗೆ ಎರಡು ಆಕ್ಷೇಪ ಬರುತ್ತವೆ. ಎರಡೂ ನ್ಯಾಯವಾದವು.

ಮೊದಲನೆಯದು, ಗೇಜ್ ಬದಲಾವಣೆಯಿಂದ ಜನರಿಗೆ ಒಳ್ಳೆಯದೇ ಆಯಿತಲ್ಲ, ಅಳುವುದೇಕೆ? ಒಳ್ಳೆಯದೇ ಆಯಿತು. ಪುಣೆ–ಮೀರಜ್ ಹಳಿ 1971ರಲ್ಲಿ ಬ್ರಾಡ್‌ಗೇಜ್ ಆದ ಮೇಲೆ, ಇತ್ತ ಬೆಂಗಳೂರು ಕಡೆಯಿಂದ ಬಂದವರು ಮೀರಜ್‌ನಲ್ಲಿ ಇಳಿದು, ಟ್ರಂಕು, ಹಾಸಿಗೆ, ಮಕ್ಕಳನ್ನು ಹೊತ್ತು ಇನ್ನೊಂದು ರೈಲಿಗೆ ಓಡಬೇಕಿತ್ತು. 1990ರ ದಶಕದವರೆಗೂ ಅದೇ ಪಾಡು. ಇಂದು 2024ರ ಸೆಪ್ಟೆಂಬರಿನಿಂದ ಪುಣೆ–ಹುಬ್ಬಳ್ಳಿ ನಡುವೆ ವಂದೇ ಭಾರತ್ ಇದೆ. ನಾನೇ ಅದರಲ್ಲಿ ಹೋಗುತ್ತೇನೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ 57 ಸುರಂಗಗಳ ಮಾರ್ಗ 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದು ಬ್ರಾಡ್‌ಗೇಜ್ ಆಗದೇ ಇದ್ದಿದ್ದರೆ ಕರಾವಳಿಗೆ ಇಂದಿನಷ್ಟು ರೈಲು ಎಲ್ಲಿರುತ್ತಿತ್ತು? ಹಳೆಯ ಹಳಿ ಕೀಳಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಕೀಳುವ ಮುನ್ನ ಒಮ್ಮೆ ಅಳೆದು, ಬರೆದು, ಅದನ್ನು ಜನರ ಕೈಗೆ ಸಿಗುವ ಕಡೆ ಇಡಬೇಕಿತ್ತು. ಹೊಸ ಹಳಿ ಹಾಕುವ ವೆಚ್ಚದ ಮುಂದೆ ಅದರ ಖರ್ಚು ಉಪ್ಪಿನಕಾಯಿಗೆ ಹಾಕುವ ಇಂಗಿನಷ್ಟು.

ಎರಡನೆಯದು, ಇದು ಹಣವಿದ್ದವರ ಶೋಕಿ. ಆಮದು ಎಂಜಿನ್ನಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ನೆನಪಿಡುವ ಕೆಲಸಕ್ಕೆ ಆಮದು ಎಂಜಿನ್ನು ಬೇಕಾಗಿಲ್ಲ. ಪುಣೆಯ ಕೊಥ್ರೂಡಿಗೆ ಹೋದರೆ ಭಾವೂಸಾಹೇಬ್ ಜೋಶಿ ಎಂಬ ಹವ್ಯಾಸಿ ಕಟ್ಟಿದ ಪುಟಾಣಿ ರೈಲುಗಳ ಮ್ಯೂಸಿಯಂ ಇದೆ. 1998ರ ಏಪ್ರಿಲ್ 1ರಂದು ಜನರಿಗೆ ತೆರೆದದ್ದು. ಒಂದು ಕುಟುಂಬದ ಹುಚ್ಚು ಇಂದು ಪುಣೆಯ ಶಾಲಾ ಮಕ್ಕಳು ಸಾಲುಗಟ್ಟಿ ಬಂದು ನೋಡುವ ಜಾಗವಾಗಿದೆ. ಸಿಗ್ನಲ್ಲು ಬದಲಾದಾಗ ರೈಲು ನಿಲ್ಲುವುದನ್ನು ನೋಡಿ ಮಕ್ಕಳು ಕೂಗುವ ಸಂಭ್ರಮವನ್ನು ಅಲ್ಲಿ ಕೇಳಬೇಕು. ಬೀರೂರು ಜಂಕ್ಷನ್ನಿನದೋ ಲೋಂಡಾದ್ದೋ 1970ರ ಚಿತ್ರ ಹೀಗೆ ಚಲಿಸುವ ಮಾದರಿಯಾಗಿ ಹುಬ್ಬಳ್ಳಿಯ ಮ್ಯೂಸಿಯಂನ ಒಂದು ಕೋಣೆಯಲ್ಲಿ ಇದ್ದರೆ ಹೇಗಿರುತ್ತದೆ?

ಅದಕ್ಕೆ ಮೂರು ಕೆಲಸ ಆಗಬೇಕು. ಒಂದು ರೈಲ್ವೆಯದು. ಗೇಜ್ ಬದಲಾವಣೆಗೆ ಮುಂಚಿನ ನಿಲ್ದಾಣಗಳ ನಕಾಶೆಗಳು ಯಾವ ಕಪಾಟಿನಲ್ಲಿ ಉಳಿದಿದ್ದರೂ ಅವನ್ನು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈಋತ್ಯ ರೈಲ್ವೆ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಬಿಡಬೇಕು. ಕಿತ್ತುಹೋದ ಹಳಿಯ ನಕಾಶೆಯಲ್ಲಿ ಇಂದು ಯಾವ ಗುಟ್ಟೂ ಇಲ್ಲ. ಭೂಪಟಗಳ ಮೇಲಿನ ನಿರ್ಬಂಧಗಳನ್ನು ಕೇಂದ್ರ ಸರ್ಕಾರವೇ 2021ರ ಫೆಬ್ರುವರಿಯಲ್ಲಿ ಸಡಿಲಿಸಿದೆ.

ಎರಡನೆಯದು ಎಂಜಿನಿಯರಿಂಗ್ ಕಾಲೇಜುಗಳದು. ಸಿವಿಲ್ ವಿದ್ಯಾರ್ಥಿಗಳಿಗೆ ಸರ್ವೆ ಶಿಬಿರ ಇದ್ದೇ ಇರುತ್ತದೆ. ಪ್ರತಿ ವರ್ಷ ಅದೇ ಕಾಲೇಜಿನ ಹಿಂದಿನ ಮೈದಾನವನ್ನು ಅಳೆಯುವ ಬದಲು, ಹತ್ತಿರದ ಒಂದು ಹಳೆಯ ನಿಲ್ದಾಣದ ಉಳಿದ ಗೋಡೆ, ಸೇತುವೆಯ ಕಂಬ, ಬಿಟ್ಟುಹೋದ ಹಳಿದಾರಿಯನ್ನು ಅನುಮತಿ ಪಡೆದು ಅಳೆಯಲಿ. ಒಂದು ಶಿಬಿರಕ್ಕೆ ಒಂದು ನಿಲ್ದಾಣವಾದರೂ ಹತ್ತು ವರ್ಷದಲ್ಲಿ ಒಂದು ಮಾರ್ಗ ಸಿದ್ಧ.

ಮೂರನೆಯದು ನಮ್ಮದು, ಊರು ಬಿಟ್ಟು ಬಂದವರದು. ನಮ್ಮಲ್ಲಿ ಎಷ್ಟೋ ಜನರ ಮನೆಯ ಆಲ್ಬಮ್ಮಿನಲ್ಲಿ ರೈಲು ನಿಲ್ದಾಣದ ಒಂದು ಫೋಟೊ ಇರುತ್ತದೆ. ಮದುವೆಯ ದಿಬ್ಬಣ ಹೊರಟದ್ದು, ಮಗ ಮೊದಲ ಸಲ ಮುಂಬಯಿಗೆ ಹೋದದ್ದು, ವರ್ಗವಾದ ಮಾಸ್ತರರಿಗೆ ಹಾರ ಹಾಕಿದ್ದು. ಊರು ಬಿಟ್ಟವರ ಮನೆಯಲ್ಲೇ ಇಂಥ ಫೋಟೊ ಹೆಚ್ಚು. ಆ ಫೋಟೊದಲ್ಲಿ ಮೀಟರ್ ಗೇಜ್ ಹಳಿ ಕಾಣಿಸುತ್ತಿದ್ದರೆ ಅದರಲ್ಲೇ ಒಂದು ಅಳತೆಗೋಲು ಅಡಗಿದೆ: ಹಳಿಗಳ ಒಳ ಅಂಚಿನಿಂದ ಒಳ ಅಂಚಿಗೆ ಸರಿಯಾಗಿ ಒಂದು ಮೀಟರ್. ಹಳಿಗುಂಟ ನೇರ ನೋಡಿ ತೆಗೆದ ಫೋಟೊದಲ್ಲಿ, ಸಿಗ್ನಲ್ ಕಂಬದ ಬುಡ ಇರುವ ದೂರದಲ್ಲೇ ಹಳಿಗಳ ನಡುವಿನ ಅಂತರ ಅಳೆಯಿರಿ. ಕಂಬ ಅದರ ಎಷ್ಟು ಪಟ್ಟು ಎತ್ತರವೋ ಅಷ್ಟೇ ಮೀಟರು ನಿಜದ ಎತ್ತರ. ನಿಲ್ದಾಣದ ಬಾಗಿಲು, ಮಾಡಿನ ಸೂರು, ನೀರಿನ ಟ್ಯಾಂಕು, ಎಲ್ಲಕ್ಕೂ ಇದೇ ಲೆಕ್ಕ. ಅಜ್ಜನ ನಿಲ್ದಾಣದ ಸಿಗ್ನಲ್ ಕಂಬದ ಎತ್ತರ ನನಗೆ ಸಿಕ್ಕಿದ್ದು ದೊಡ್ಡಮ್ಮನ ಮದುವೆಯ ಮರುದಿನ ತೆಗೆದ ಒಂದು ಮಸುಕು ಫೋಟೊದಿಂದ.

ಹಾಗಾಗಿ ಮುಂದಿನ ಸಲ ಹಬ್ಬಕ್ಕೆ ಊರಿಗೆ ಹೋದಾಗ ಟ್ರಂಕಿನ ಅಡಿಯ ಆಲ್ಬಮ್ ತೆಗೆಸಿ. ರೈಲು ಕಂಡ ಫೋಟೊಗಳನ್ನು ಮೊಬೈಲಿನಲ್ಲಿ ಅಡ್ಡಾದಿಡ್ಡಿಯಾಗಿ ಹೊಡೆಯದೆ, ಬೆಳಕಿಗೆ ಹಿಡಿದು ನೇರವಾಗಿ ತೆಗೆಯಿರಿ. ಯಾವ ನಿಲ್ದಾಣ, ಯಾವ ವರ್ಷ, ಯಾರು ಹೇಳಿದರು ಎಂದು ಬರೆದಿಡಿ. ಮನೆಯಲ್ಲಿ ಗ್ಯಾಂಗ್‌ಮನ್, ಗಾರ್ಡ್, ಪೋರ್ಟರ್, ಫೈರ್‌ಮನ್ ಆಗಿದ್ದ ಹಿರಿಯರಿದ್ದರೆ "ರೈಲಿನ ಕಾಲ ಹೇಗಿತ್ತು" ಎಂದು ಕೇಳಬೇಡಿ. "ಚೆನ್ನಾಗಿತ್ತು" ಎಂದು ಸುಮ್ಮನಾಗುತ್ತಾರೆ. ಬಾವಿಯಿಂದ ಪಾಯಿಂಟಿಗೆ ಎಷ್ಟು ಹೆಜ್ಜೆ ಎಂದು ಕೇಳಿ. ಅವರು ಎದ್ದು ಕೂರುತ್ತಾರೆ.